ದಾನಮ್ಮ ಸುಮ್ಮನೆ ಕೂತ ಗಳಿಗೆ

ದಾನಮ್ಮನ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದೇ ಒಂದು ದೂರಾಗಿ. ಕಾಮಾಕ್ಷಿಪಾಳ್ಯದ ನಮ್ಮ ವಠಾರದಲ್ಲಿ ಐದು ಬಾಡಿಗೆ ಮನೆಗಳಿವೆ. ಎರಡನೆಯ ಮನೆಯ ನರಸಮ್ಮ ಒಂದು ಬೆಳಿಗ್ಗೆ ತಲೆ ಕೂಡ ಬಾಚದೆ ಬಂದು ನನ್ನ ಬಾಗಿಲಲ್ಲಿ ನಿಂತಳು.

“ಆಂಟಿ, ಪಕ್ಕದ್ಮನೆಗೆ ಯಾರನ್ನ ತಂದು ಹಾಕಿದೀರಾ? ಕೋಳಿ ಕೂಗೋಕ್ ಮುಂಚೆ ಎದ್ದು ಏನೋ ಬಡೀತಾಳೆ. ಪಟಪಟಪಟ ಅಂತ. ನಮ್ಮನೇವ್ರು ನೈಟ್ ಶಿಫ್ಟ್ ಮುಗಿಸ್ಕೊಂಡು ಬಂದು ಮಲಗೋ ಹೊತ್ತು ಅದು.”

“ಏನೇ ಅವಳ ಹೆಸರು?”

“ದಾನಮ್ಮ ಅಂತೆ. ಬಿಜಾಪುರದ ಕಡೆಯೋರಂತೆ.”

ಮನೆ ಕೇಳಲು ಬಂದಿದ್ದವನು ಅವಳ ಗಂಡ ರೇವಣಸಿದ್ದ ಒಬ್ಬನೇ. ಲೇತ್ ಕೆಲಸದವನು, ಮಾತು ಕಡಿಮೆ. ನೀರು ಯಾವ ಯಾವ ದಿನ ಬರುತ್ತದೆ ಎಂದು ಮೊದಲು ಕೇಳಿದ. ಮೊದಲು ನೀರಿನ ಮಾತೆತ್ತುವವರಿಗೆ ನಾನು ಮನೆ ಕೊಡುತ್ತೇನೆ. ‘ಓನರ್ ಇಲ್ಲೇ ಇರ್ತಾರಾ?’ ಎಂದು ಮೊದಲು ಕೇಳುವವರಿಗೆ ಕೊಡುವುದಿಲ್ಲ. ನಮ್ಮ ಯಜಮಾನರು ಹೋದ ಮೇಲೆ ಮನುಷ್ಯರನ್ನು ಹೀಗೆ ಅಳೆದು ಅಳೆದೇ ಈ ವಠಾರ ನಡೆಸಿಕೊಂಡು ಬಂದಿದ್ದೇನೆ. ಅವನ ಹೆಂಡತಿಯ ಮುಖ ಮಾತ್ರ ಆವತ್ತಿನವರೆಗೆ ನೋಡಿರಲಿಲ್ಲ.

ಹೋಗಿ ನೋಡಿದರೆ, ಗೋಡೆಗೆ ಒತ್ತಿಕೊಂಡು ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ. ಇಪ್ಪತ್ತೆಂಟು ಮೂವತ್ತು ವಯಸ್ಸು, ಹಿಟ್ಟು ಮೆತ್ತಿದ ಬಳೆ. ಮೂಲೆಯಲ್ಲಿ ಪುಟ್ಟ ಮಗಳು ನೀಲಾಂಬಿಕಾ ಮಲಗಿದ್ದಳು. ನಾನು ನರಸಮ್ಮನ ದೂರು ಹೇಳಿದೆ. ಬಾಡಿಗೆಯವರು ಇಂಥ ಮಾತಿಗೆ ಎದುರಾಡುವುದೇ ನನಗೆ ಅಭ್ಯಾಸ. ಇವಳು ಕೈ ನಿಲ್ಲಿಸಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, “ಖರೇ ಐತ್ರಿ” ಅಂದಳು.

“ಏನು?”

“ಅಕ್ಕಾರು ಹೇಳೂದು ಖರೇ ಐತ್ರಿ. ಸಪ್ಪಳ ಗ್ವಾಡಿಗೆ ಹತ್ತತೈತಿ. ನಾ ಈ ಕಡೆ ಸರದು ಕುಂಡ್ರತೀನಿ.”

ಅಷ್ಟೇ. ಮಾರನೆಯ ದಿನದಿಂದ ಬಾಗಿಲ ಹತ್ತಿರ ಗೋಣಿಚೀಲ ಹಾಸಿಕೊಂಡು ಬಡಿದಳು. ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದ ನರಸಮ್ಮ ಏನು ಮಾಡಬೇಕೋ ತಿಳಿಯದೆ ಒಂದು ವಾರ ಮುಖ ಊದಿಸಿಕೊಂಡು ತಿರುಗಿದಳು. ಆಮೇಲೆ ಒಂದು ದಿನ ನಲ್ಲಿಯ ಹತ್ತಿರ ನಾನೇ ದಾನಮ್ಮನನ್ನು ಕೇಳಿದೆ: “ಅಲ್ಲ ಕಣೇ, ಅವಳು ನಿನ್ನ ಮೇಲೆ ಬಿದ್ದು ಬಂದ್ರೂ ಖರೇ ಖರೇ ಅಂತೀಯಲ್ಲ, ಹಿಂಗಾದ್ರೆ ಬೆಂಗಳೂರಲ್ಲಿ ಬದುಕ್ತೀಯೇನೇ?”

“ನಮ್ಮೂರಾಗ ಕಟ್ಟಿ ಮ್ಯಾಲ ನ್ಯಾಯಕ್ಕ ಕುಂತಾಗ ಹಂಗ ರೀ ಆಯಿ. ಎದರಿನವರು ಖರೇ ಮಾತಾಡಿದ್ರ ನಾವು ಬಾಯಿ ಬಿಟ್ಟು ಖರೇ ಐತಿ ಅನ್ನಬೇಕು. ಅನ್ನಲಿಲ್ಲಂದ್ರ ಹಿರ್ಯಾರು ನಮಗ ಮಾತಾಡಾಕ ಪಾಳಿನ ಕೊಡೂದಿಲ್ಲ. ಖರೇ ಅಲ್ಲಂದ್ರ ಸುಮ್ಮ ಕುಂಡ್ರೂದು.”

ಅವರ ಕಡೆ ಅಜ್ಜಿಗೆ ಅನ್ನುವ ಹಾಗೆ ನನ್ನನ್ನು ‘ಆಯಿ’ ಎಂದು ಕರೆಯಲು ಶುರು ಮಾಡಿದ್ದೂ ಅಂದಿನಿಂದಲೇ.

ಕೆಲವೇ ತಿಂಗಳಲ್ಲಿ ಅವಳು ನಮ್ಮ ಬೀದಿಯ ತುದಿಯ ಗಾರ್ಮೆಂಟ್ಸ್ ಸೇರಿದಳು. ಕಾಲರ್ ಹೊಲಿಯುವ ಕೆಲಸ. ಮಗಳನ್ನು ಶಿಶುವಿಹಾರದಲ್ಲಿ ಬಿಟ್ಟು ಹೋಗುತ್ತಿದ್ದಳು. ಶಿಶುವಿಹಾರ ಎಂದರೆ ಕಾರ್ಪೊರೇಷನ್ನಿನ ಎರಡು ಕೋಣೆಯ ಹಳೆಯ ಕಟ್ಟಡ. ಕಸ್ತೂರೆವ್ವ ಅಂತ ಒಬ್ಬಳು ಆಯಾ, ಒಂದು ಉಯ್ಯಾಲೆ, ಒಂದು ಹೊಂಗೆಮರ. ಗಾರ್ಮೆಂಟ್ಸಿನ ಹೆಂಗಸರ ಮಕ್ಕಳೆಲ್ಲ ಹಗಲು ಬೆಳೆಯುವುದು ಅಲ್ಲೇ. ಅದಿಲ್ಲದಿದ್ದರೆ ಅರ್ಧ ಜನ ಹೆಂಗಸರು ಕೆಲಸ ಬಿಡಬೇಕು.

ಹೋದ ವರ್ಷ ಆ ಕಟ್ಟಡ ಒಡೆದು ಅಂಗಡಿಗಳ ಕಾಂಪ್ಲೆಕ್ಸ್ ಕಟ್ಟುತ್ತಾರೆಂದು ಸುದ್ದಿಯಾಯಿತು. ಅದೇ ಹೊತ್ತಿಗೆ ವಾರ್ಡಿಗೆ ಎಲೆಕ್ಷನ್ನೂ ಬಂತು. ಹೆಂಗಸರು ಯಾರ ಯಾರ ಮನೆಗೋ ಹೋಗಿ ಗೇಟಿನಲ್ಲಿ ನಿಂತು ಬಂದರು. ಕಡೆಗೆ ನಮ್ಮಲ್ಲೇ ಒಬ್ಬಳು ನಿಂತರೆ ಏನಾಗುತ್ತೆ ಎಂದು ವಿಮಲಮ್ಮ ಎತ್ತಿದಳು. ವಿಮಲಮ್ಮ ಗಾರ್ಮೆಂಟ್ಸಿನಲ್ಲಿ ಹಳಬಳು, ನಮ್ಮ ಹಿಂದಿನ ಬೀದಿಯವಳು, ಬಾಯಿ ಜೋರು.

“ನೀವೇ ನಿಲ್ರಿ ಅಕ್ಕಾ” ಅಂದಳಂತೆ ದಾನಮ್ಮ.

“ನಾನು ನಿಂತ್ರೆ ಇರೋ ಓಟೂ ಓಡೋಗುತ್ತೆ. ಇಡೀ ವಾರ್ಡಲ್ಲಿ ನಾನು ಬೈದಿಲ್ದೇ ಇರೋರು ಯಾರವ್ರೆ? ನಿನ್ನ ಮೇಲೆ ಯಾರಿಗೂ ಕೋಪ ಇಲ್ಲ. ನೀನೇ ನಿಲ್ಲು.”

ಹೀಗೆ ದಾನಮ್ಮ ಕ್ಯಾಂಡಿಡೇಟ್ ಆದಳು. ನಾನು ಆಗಲೇ ಪೇಚಿಗೆ ಬಿದ್ದೆ. ಯಾಕೆಂದರೆ ದೊಡ್ಡ ಪಾರ್ಟಿಯಿಂದ ನಿಂತಿದ್ದವನು ಸಂಪತ್. ನನ್ನ ಮೈದುನ ಹನುಮಂತಯ್ಯನ ಮಗ. ನನ್ನ ತೊಡೆಯ ಮೇಲೆ ಮಲಗಿಸಿ ನೀರು ಹಾಕಿ ಬೆಳೆಸಿದ ಕೂಸು. ಈಗ ಮಾಗಡಿ ರೋಡಿನ ಉದ್ದಕ್ಕೂ ಬಿಳಿ ಅಂಗಿಯಲ್ಲಿ ಕೈ ಮುಗಿದುಕೊಂಡು ಫ್ಲೆಕ್ಸ್‌ನಲ್ಲಿ ನಗುತ್ತಿದ್ದ.

ನಾಗರಿಕ ಸಂಘದವರು ಕ್ಯಾಂಡಿಡೇಟುಗಳ ಚರ್ಚೆ ಏರ್ಪಾಡು ಮಾಡಿದ್ದು ಒಂದು ಭಾನುವಾರ. ಮಾರನೆಯ ದಿನ ನಾಮಪತ್ರ ವಾಪಸ್ ತೆಗೆದುಕೊಳ್ಳಲು ಕಡೆಯ ದಿನ. ಶನಿವಾರ ಸಾಯಂಕಾಲ ವಿಮಲಮ್ಮ ಏಳೆಂಟು ಹೆಂಗಸರನ್ನು ಕಟ್ಟಿಕೊಂಡು ನಮ್ಮ ಜಗುಲಿಗೆ ಬಂದಳು. ದಾನಮ್ಮನೂ ಇದ್ದಳು.

“ಮುನಿಲಕ್ಷ್ಮಮ್ಮೋರೇ, ಹನುಮಂತಯ್ಯೋರು ಹೇಳಿ ಕಳಿಸವ್ರೆ. ದಾನಮ್ಮ ವಾಪಸ್ ತಗೊಂಡ್ರೆ ಶಿಶುವಿಹಾರಕ್ಕೆ ಬೇರೆ ಕಡೆ ಜಾಗ ಕೊಡಿಸ್ತೀನಿ, ಮಾತು ಕೊಡ್ತೀನಿ ಅಂದವ್ರೆ. ಕೆಲವರು ತಗೊಂಡ್ಬಿಡೋಣ ಅಂತಾರೆ. ನಾನೇನ್ ಹೇಳ್ತೀನಿ ಅಂದ್ರೆ, ನಾಳೆ ಚರ್ಚೇಲಿ ಇವಳು ನಿಂತ್ಕೊಂಡು ಎರಡು ಮಾತು ನೆಟ್ಟಗೆ ಆಡಿದ್ರೆ ನಿಲ್ಲಲಿ. ಎಲ್ಲರ ಮುಂದೆ ನಗೆಪಾಟಲಾದ್ರೆ ಸೋಮವಾರ ವಾಪಸ್ ತಗೊಂಡು ಆ ಜಾಗನಾದ್ರೂ ಉಳಿಸ್ಕೊಳೋಣ.”

“ಸರಿ. ಹೋಗಿ ನೋಡಿ.”

“ಎಲ್ ನೋಡೋದು? ನಾಳೆ ಭಾನುವಾರನೂ ನಮಗೆಲ್ಲ ಓವರ್‌ಟೈಮ್ ಡ್ಯೂಟಿ ಹಾಕವ್ರೆ. ಫೋನಲ್ ನೋಡೋಣ ಅಂದ್ರೆ ಗೇಟಲ್ಲೇ ಫೋನ್ ಇಸ್ಕೊಂಡು ಡಬ್ಬಕ್ಕೆ ಹಾಕ್ತಾರೆ. ಇವಳಿಗೊಬ್ಳಿಗೆ ಹೆಂಗೋ ರಜೆ ಸಿಕ್ಕಿದೆ. ಅದಕ್ಕೇ ನೀವು ಹೋಗಿ ನೋಡ್ಕೊಂಡು ಬಂದು ಹೇಳಿ. ನೀವು ನಿಲ್ಲಲಿ ಅಂದ್ರೆ ನಿಲ್ತಾಳೆ, ಬೇಡ ಅಂದ್ರೆ ಬೇಡ.”

“ಏನ್ರೇ, ನಿಮಗೆ ಬುದ್ಧಿ ನೆಟ್ಟಗಿದ್ಯಾ? ಸಂಪತ್ತು ನಮ್ಮನೆ ಹುಡುಗ ಕಣ್ರೇ!”

“ಗೊತ್ತು. ನಿಮ್ಮ ಅಕ್ಕನ ಮಗ ಮನೆ ಕೇಳ್ಕೊಂಡು ಬಂದಾಗ, ಕುಡೀತಾನೆ ಅಂತ ಕೊಡ್ಲಿಲ್ವಲ್ಲ ನೀವು. ಅದೂ ಗೊತ್ತು.”

ನಾನು ದಾನಮ್ಮನ ಮುಖ ನೋಡಿದೆ. “ಆಯಿ ಹೇಳಿದಂಗ ರೀ” ಅಂದಳು, ನೆಲ ನೋಡಿಕೊಂಡು. ಆ ಹೆಂಗಸರ ಮಕ್ಕಳ ಹಗಲೆಲ್ಲ ತಂದು ನನ್ನ ಮಡಿಲಿಗೆ ಸುರಿದ ಹಾಗಾಯಿತು.

ಚರ್ಚೆ ನಡೆದದ್ದು ಹತ್ತಿರದ ಕಲ್ಯಾಣಮಂಟಪದಲ್ಲಿ. ಹಿಂದಿನ ದಿನ ಯಾರದೋ ಆರತಕ್ಷತೆ ಆಗಿರಬೇಕು, ವೇದಿಕೆಯ ಮೇಲೆ ಚೆಂಡುಹೂವು ಇನ್ನೂ ತೂಗಾಡುತ್ತಿತ್ತು. ಮೂರು ಕುರ್ಚಿ ಹಾಕಿದ್ದರು. ಮೂರನೆಯ ಪಾರ್ಟಿಯವರು ಬರಲೇ ಇಲ್ಲ; ಆ ಕುರ್ಚಿಯ ಮುಂದೆ ಒಂದು ನೀರಿನ ಬಾಟಲಿ ಮಾತ್ರ ಕೂತಿತ್ತು. ನಡೆಸಿಕೊಡಲು ಬಸವೇಶ್ವರನಗರದಿಂದ ಬಸವರಾಜೇಶ್ವರಿ ಅಂತ ರಿಟೈರಾದ ಹೆಡ್‌ಮಿಸ್ ಬಂದಿದ್ದರು, ಮೇಜಿನ ಮೇಲೆ ಒಂದು ಗಂಟೆ ಇಟ್ಟುಕೊಂಡು.

ದಾನಮ್ಮ ಹತ್ತಿ ಬಂದಳು. ಹೊಸ ಸೀರೆ ಉಟ್ಟಿದ್ದಳು, ಅಂಗಡಿಯವರ ಚೀಟಿ ನೆರಿಗೆಯ ಕೆಳಗೆ ಹಾಗೇ ಅಂಟಿಕೊಂಡಿತ್ತು. ಕೂರುವ ಮುಂಚೆ ಎದುರಿನ ಸಾಲಿನಲ್ಲಿ ಹನುಮಂತಯ್ಯ ಕಂಡ. ಹಿರಿಯರು ಎಂದು ತಟ್ಟನೆ ತಲೆಯ ಮೇಲೆ ಸೆರಗು ಹೊದ್ದು ಕೈ ಮುಗಿದಳು. ಹಿಂದಿನಿಂದ ಯಾರೋ, “ಮಚ್ಚಾ, ಅಕ್ಕ ಈಗ್ಲೇ ಸರೆಂಡರ್ ಕಣೋ!” ಎಂದು ಕೂಗಿದರು. ಜನ ನಕ್ಕರು.

ಮೊದಲ ಪಾಳಿ ಅವಳದೇ. ವಿಮಲಮ್ಮನ ಮಗಳು ಸಿಂಚನಾ, ಜ್ಞಾನಭಾರತಿಯಲ್ಲಿ ಓದುವವಳು, ಭಾಷಣ ಬರೆದುಕೊಟ್ಟಿದ್ದಳು. ವಾರವೆಲ್ಲ ರೊಟ್ಟಿ ಬಡಿಯುತ್ತಾ ಬಾಯಿಪಾಠ ಮಾಡಿದ್ದನ್ನು ನಾನೇ ಕೇಳಿದ್ದೆ. ಎದ್ದು ನಿಂತು, “ಮಾನ್ಯರೇ, ನಮ್ಮ ವಾರ್ಡಿನ ಸರ್ವತೋ... ಸರ್ವತೋಮು...” ಎಂದಳು. ಮುಂದೆ ಹೋಗಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದಳು, “ಮಾನ್ಯರೇ.” ಮತ್ತೆ ಅಲ್ಲೇ ಸಿಕ್ಕಿಬಿದ್ದಳು. ಮೂರನೆಯ ಸಲ ಬಸವರಾಜೇಶ್ವರಿಯವರೇ ಮೆತ್ತಗೆ, “ಸರ್ವತೋಮುಖ ಅಭಿವೃದ್ಧಿ” ಎಂದು ಹೇಳಿಕೊಟ್ಟರು. “ಹೌದ್ರೀ, ಅದ” ಎಂದು ಹೇಳಿ ಕೂತುಬಿಟ್ಟಳು. ಗಂಟೆ ಹೊಡೆಯುವ ಕೆಲಸವೇ ಬೀಳಲಿಲ್ಲ.

ಸಂಪತ್ ಎದ್ದ. ಮಾತು ನೀರು ಹರಿದ ಹಾಗೆ. “ಮಾಗಡಿ ರೋಡಿಂದ ಒಳಗೆ ಬಂದ್ರೆ ರಸ್ತೆ ಇದ್ಯಾ? ಬರೀ ಗುಂಡಿ!”

“ಖರೇ ಐತ್ರಿ” ಎಂದಿತು ಮೈಕು.

ದಾನಮ್ಮನ ಮುಂದಿನ ಮೈಕನ್ನು ಯಾರೂ ಆರಿಸಿರಲಿಲ್ಲ. ಸಭೆಯೆಲ್ಲ ತಿರುಗಿ ನೋಡಿತು. ಅವಳು ಕಟ್ಟೆಯ ಮೇಲೆ ನ್ಯಾಯಕ್ಕೆ ಕೂತವಳ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಸಂಪತ್ ಒಂದು ಗಳಿಗೆ ತಬ್ಬಿಬ್ಬಾಗಿ ಮುಂದುವರಿದ. “ಕಸದ ಗಾಡಿ ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ.”

“ಖರೇ ಐತಿ.”

“ದಾನಮ್ಮೋರೇ, ನಿಮ್ಮ ಸರದಿ ಬಂದಾಗ ಮಾತಾಡಿ” ಎಂದರು ಬಸವರಾಜೇಶ್ವರಿ.

“ಅವರು ಖರೇ ಹೇಳ್ಯಾರಲ್ರಿ ಮೇಡಂ. ಸುಮ್ಮ ಹೆಂಗ ಕುಂಡ್ರೂದು?”

ಕಲ್ಯಾಣಮಂಟಪ ಹಾರಿಹೋಗುವ ಹಾಗೆ ನಗು. ಹಿಂದಿನ ಹುಡುಗರಿಗಂತೂ ಹಬ್ಬ. ಸಂಪತ್ ಬೀದಿದೀಪ ಅಂದರೆ ಅವಳ ಜೊತೆ ಅವರೂ “ಖರೇ ಐತ್ರಿ!” ಎಂದು ಕೂಗುತ್ತಾರೆ. ಸಂಪತ್ತಿಗೂ ರುಚಿ ಹತ್ತಿತು. ಒಂದೊಂದು ಮಾತು ಮುಗಿಸಿ ನಿಂತು ಅವಳ ಕಡೆ ಕೈ ತೋರಿಸತೊಡಗಿದ. “ನೋಡಿ ಬಂಧುಗಳೇ, ನಮ್ಮ ಎದುರಾಳಿ ಅಕ್ಕನೇ ನನಗೆ ಓಟ್ ಹಾಕೋ ಹಾಗಿದ್ದಾರೆ.”

ನಾನು ಕಣ್ಣು ಮುಚ್ಚಿಕೊಂಡೆ. ಸಾಯಂಕಾಲ ವಿಮಲಮ್ಮನಿಗೆ ಹೇಳುವ ಮಾತನ್ನು ಮನಸ್ಸಿನಲ್ಲೇ ಜೋಡಿಸತೊಡಗಿದ್ದೆ: ‘ಬೇಡ ಕಣ್ರವ್ವ, ವಾಪಸ್ ತಗೊಳ್ಳಲಿ, ಸಿಕ್ಕಿದ್ದಷ್ಟು ಸಿಗಲಿ.’ ರಾಜಕಾಲುವೆಯ ವಿಷಯ ಬಂದಾಗ ದಾನಮ್ಮ ಯಾವುದೋ ಮೋರಿಯ ಮಾತಾಡಿ ಇನ್ನಷ್ಟು ಕೆಡಿಸಿಕೊಂಡಳು. ನನ್ನ ಲೆಕ್ಕದಲ್ಲಿ ಅಲ್ಲಿಗೆ ಮುಗಿದಿತ್ತು.

ಆಗ ಸಭೆಯಲ್ಲಿ ಒಬ್ಬರು ಎದ್ದು ಶಿಶುವಿಹಾರದ ಬಗ್ಗೆ ಕೇಳಿದರು. ಸಂಪತ್ತಿನದು ಮೊದಲ ಉತ್ತರ.

“ನೋಡಿ ಸಾರ್, ಆ ಕಟ್ಟಡಕ್ಕೆ ಈಗ ಮಕ್ಕಳೇ ಬರಲ್ಲ. ಬೀಗ ಬಿದ್ದಿದೆ. ನಾನೇ ಕಣ್ಣಾರೆ ನೋಡ್ಕೊಂಡು ಬಂದಿದೀನಿ.”

ಅಭ್ಯಾಸಬಲದಿಂದ ನಿಂತು, ದಾನಮ್ಮನ ಕಡೆ ಕೈ ತೋರಿಸಿದ.

ದಾನಮ್ಮ ಸುಮ್ಮನೆ ಕೂತಿದ್ದಳು.

ಹಿಂದಿನ ಹುಡುಗರು ಬಾಯಿ ತೆರೆದುಕೊಂಡು ಕಾದರು. ಅವಳಿಲ್ಲದೆ ಅವರೂ ಕೂಗಲಿಲ್ಲ. ಮುಂದಿನ ಸಾಲಿನ ಹೆಂಗಸೊಬ್ಬಳು ಪಕ್ಕದವಳಿಗೆ, “ಯಾಕೆ ಅನ್ಲಿಲ್ಲ?” ಎಂದದ್ದು ನನ್ನವರೆಗೂ ಕೇಳಿಸಿತು. ಇಷ್ಟು ಹೊತ್ತು ನಗುವುದಕ್ಕೆಂದು ಆ ಮಾತಿಗೆ ಕಾಯುತ್ತಿದ್ದ ಸಭೆಗೆ, ಮಾತು ಬಾರದೇ ಹೋದಾಗ ಏನೋ ತಪ್ಪಿದೆ ಅಂತ ತಾನಾಗಿಯೇ ತಿಳಿದುಬಿಟ್ಟಿತು.

“ಏನಕ್ಕಾ, ಮೈಕ್ ಕೆಟ್ಟೋಯ್ತಾ?” ಎಂದ ಸಂಪತ್, ನಗುತ್ತಾ.

“ಮೈಕ್ ಚಲೋ ಐತ್ರಿ.”

“ಮತ್ತೆ?”

“ನಿಮ್ಮ ಮಾತು ಮುಗೀಲ್ರಿ. ಪಾಳಿ ಬಂದಾಗ ಹೇಳ್ತೀನಿ.”

ಅವನ ಮಾತು ಮುಂದಕ್ಕೆ ಹೋಗಲೇ ಇಲ್ಲ. ಕೂತುಬಿಟ್ಟ. ದಾನಮ್ಮ ಎದ್ದಳು. ಈ ಸಲ ‘ಮಾನ್ಯರೇ’ ಇಲ್ಲ.

“ತಮ್ಮಾ, ನೀವು ನೋಡಿದ್ದು ಯಾವ ದಿನ ರೀ?”

“ಹೋದ... ಹೋದ ಭಾನುವಾರ.”

“ಭಾನುವಾರ ಸೂಟಿ ರೀ ಅದು. ಅವತ್ತು ಬೀಗ ಇರೂದ ಖರೇ ಐತಿ.” ಯಾರೋ ಚಪ್ಪಾಳೆ ತಟ್ಟಲು ಹೋದರು. ಅವಳು ಕೈ ಅಡ್ಡ ಮಾಡಿದಳು. “ನಗಬ್ಯಾಡ್ರಿ, ಅವರು ನೋಡಿದ್ದ ಹೇಳ್ಯಾರ. ನಾಳೆ ಸೋಮವಾರ ಐತಿ. ಮುಂಜಾನೆ ಬರ್ರಿ ತಮ್ಮಾ. ನನ್ನ ಮಗಳು ಅಲ್ಲೇ ಇರ್ತಾಳ. ಇಲ್ಲಿ ಬರಾಕ ಆಗದ ಡ್ಯೂಟಿ ಮ್ಯಾಲ ಅದಾರಲ್ಲ, ಆ ತಾಯಂದಿರ ಕೂಸುಗಳೂ ಇರ್ತಾವ. ಇವರೆಲ್ಲಾರೂ ಬರಲಿ. ನೋಡಿ ಆದ ಮ್ಯಾಲ ಒಡೀಬೇಕೋ ಬ್ಯಾಡೋ ಹೇಳ್ರಿ. ಬಾಕಿ ಮಾತು ನನಗ ಭಾಳ ಬರೂದಿಲ್ರಿ. ಇದಕ್ಕ ನಿಂತೀನಿ, ಇದಕ್ಕ ಓಟು ಕೇಳ್ತೀನಿ.”

ಇನ್ನೂ ಹೊತ್ತಿತ್ತು. ಆದರೂ ಕೂತುಬಿಟ್ಟಳು. ಹಿಂದಿನ ಹುಡುಗರು ಈಗ ಅವಳಿಗೇ “ಖರೇ ಐತ್ರಿ!” ಎಂದು ಕೂಗಿದರು. ಈ ಸಲ ಅದರಲ್ಲಿ ಕೀಟಲೆ ಕಡಿಮೆಯಿತ್ತು.

ಹೊರಗೆ ಬಂದಾಗ ಹನುಮಂತಯ್ಯ ಕಾರಿನ ಬಾಗಿಲು ತೆರೆದುಕೊಂಡು ನಿಂತಿದ್ದ. “ಬನ್ನಿ ಅತ್ತಿಗೆ, ಮನೆಗೆ ಬಿಡ್ತೀನಿ.” ನಾನು ಮದುವೆಯಾಗಿ ಬಂದಾಗ ಚಡ್ಡಿ ಹಾಕಿಕೊಂಡು ನನ್ನ ಹಿಂದೆ ಹಿಂದೆ ತಿರುಗುತ್ತಿದ್ದವನು. ಕೂತೆ.

ಸ್ವಲ್ಪ ದೂರ ಹೋದ ಮೇಲೆ ಅಂದ: “ಆ ಹೆಂಗಸ್ರು ನಿಮ್ಮ ಮಾತು ಕೇಳ್ತಾರಂತೆ. ದಾನಮ್ಮ ಚೆನ್ನಾಗಿ ಮಾತಾಡ್ಲಿಲ್ಲ ಅಂತ ಒಂದ್ ಮಾತು ಹೇಳ್ಬಿಡಿ ಸಾಕು. ಸುಳ್ಳೇನಲ್ವಲ್ಲ?”

ಸುಳ್ಳಾಗಿರಲಿಲ್ಲ. ಅದೇ ಕಷ್ಟ. ಅರ್ಧಕ್ಕಿಂತ ಹೆಚ್ಚು ಅವಳು ಕೆಟ್ಟದಾಗಿಯೇ ಮಾತಾಡಿದ್ದಳು.

“ನಮ್ಮ ಸಂಪತ್ತು ನಿಮ್ಮ ಕೈಯಲ್ಲಿ ಬೆಳೆದೋನು ಅತ್ತಿಗೆ. ಶಿಶುವಿಹಾರಕ್ಕೆ ನಾನು ಬೇರೆ ಜಾಗ ಕೊಡಿಸ್ತೀನಲ್ಲ.”

“ಯಾರಿಗೆ ಕೊಡಿಸ್ತೀಯಾ ಹನುಮಂತು? ಮಕ್ಕಳೇ ಬರಲ್ಲ ಅಂದನಲ್ಲ ನಿನ್ನ ಮಗ.”

ಆ ಮಾತು ಆಡುವವರೆಗೆ ನನಗೂ ಅದು ಹೊಳೆದಿರಲಿಲ್ಲ. ಆಡಿದ ಮೇಲೆ ಎದೆಯ ಮೇಲಿನ ಕಲ್ಲು ಸರಿದ ಹಾಗಾಯಿತು. ಮಕ್ಕಳೇ ಇಲ್ಲ ಎನ್ನುವವರು ಮಕ್ಕಳಿಗೆ ಕೊಡುವ ಜಾಗವನ್ನು ನಂಬಿ ವಾಪಸ್ ತೆಗೆದುಕೊಳ್ಳುವುದು ಹೇಗೆ? ಸಂಪತ್ ಕೆಟ್ಟ ಹುಡುಗನಲ್ಲ. ಜೊತೆಯಲ್ಲಿ ಇದ್ದವರು ತೋರಿಸಿದ್ದನ್ನು ನೋಡಿ ಬಂದಿದ್ದಾನೆ, ಅಷ್ಟೇ. ಆದರೆ ಬೀಗ ನೋಡಿ ಮನೆ ಖಾಲಿ ಎನ್ನುವವನಿಗೆ ಬೀಗದ ಕೈ ಕೊಡುವುದು ನನ್ನಿಂದಾಗದು.

“ಇಲ್ಲೇ ನಿಲ್ಸಪ್ಪ, ಇಳಿದುಬಿಡ್ತೀನಿ.”

“ಮನೆ ಇನ್ನೂ ಮುಂದಿದೆ ಅತ್ತಿಗೆ.”

“ಗಾರ್ಮೆಂಟ್ಸ್ ಗೇಟಿಗೆ ಹೋಗ್ಬೇಕು. ಸಂಪತ್ತಿಗೆ ಹೇಳು, ದೊಡ್ಡಮ್ಮ ನಿನ್ನ ಮೇಲೆ ಸಿಟ್ಟಾಗಿಲ್ಲ ಅಂತ.”

ಗೇಟಿನಲ್ಲಿ ದಾನಮ್ಮ ನನಗಿಂತ ಮುಂಚೆ ಬಂದು ಮಗಳನ್ನು ಸೊಂಟಕ್ಕೇರಿಸಿಕೊಂಡು ಎಳನೀರಿನ ಗಾಡಿಯ ಮರೆಯಲ್ಲಿ ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ, ನಾನೂ ಕರೆಯಲಿಲ್ಲ. ಶಿಫ್ಟ್ ಬಿಟ್ಟು ಹೆಂಗಸರು ಡಬ್ಬದಿಂದ ಫೋನು ಹುಡುಕಿಕೊಳ್ಳುತ್ತಾ ಹೊರಗೆ ಬಂದು ನನ್ನ ಸುತ್ತ ಮುತ್ತಿದರು.

“ಹೇಳಿ ಅಜ್ಜಿ, ಏನಾಯ್ತು?”

“ಇದ್ದಿದ್ದು ಇದ್ದ ಹಾಗೆ ಹೇಳ್ತೀನಿ. ಭಾಷಣ ಮರೆತಳು. ಸಂಪತ್ ಹೇಳಿದ್ದಕ್ಕೆಲ್ಲ ಖರೇ ಖರೇ ಅಂತ ತಲೆ ಆಡಿಸಿದ್ಲು. ರಾಜಕಾಲುವೆ ಅಂದ್ರೆ ಮೋರಿ ಅಂದ್ಲು. ಜನ ಬಿದ್ದೂ ಬಿದ್ದೂ ನಕ್ಕರು.”

ವಿಮಲಮ್ಮ ಹಣೆ ಚಚ್ಚಿಕೊಂಡಳು. “ಆಯ್ತು ಬಿಡಿ, ಮುಗೀತು. ಭಾಷಣ ಹೆಂಗ್ ಮರೆತ್ಲು? ಅದ್ಯಾವ ಮಾತು ನಾಲಿಗೆಗೆ ಅಡ್ಡ ಬಂತು?”

“ಸರ್ವತೋಮುಖ” ಎಂದೆ.

“ಅಯ್ಯೋ, ಅದ್ಯಾವ ಪುಣ್ಯಾತ್ಮ ಬರೆದಿದ್ದು ಅದನ್ನ?”

“ನಿನ್ನ ಮಗಳೇ ಕಣಮ್ಮ.”

ಹೆಂಗಸರು ನಕ್ಕ ಸದ್ದಿಗೆ ಸೆಕ್ಯುರಿಟಿಯವನು ಗೇಟಿನಿಂದ ಇಣುಕಿ ನೋಡಿದ. ನಗು ನಿಂತ ಮೇಲೆ ನಾನು ಶಿಶುವಿಹಾರದ ಮಾತು ಬಂದದ್ದು, ಸಂಪತ್ ಬೀಗ ಅಂದದ್ದು, ಇವಳು ಸುಮ್ಮನೆ ಕೂತದ್ದು, ಸಭೆ ಸುಮ್ಮನಾದದ್ದು, ಕಾರಿನಲ್ಲಿ ಆದ ಮಾತು ಎಲ್ಲ ಹೇಳಿದೆ.

“ಮಾತುಗಾರಿಕೆಗೆ ಸೊನ್ನೆ” ಎಂದೆ. “ಆದ್ರೆ ಸುಳ್ಳು ಮಾತಿಗೆ ಅವಳು ತಲೆ ಆಡಿಸಲ್ಲ. ಅಷ್ಟು ಜನದ ಮುಂದೆ, ಅಷ್ಟು ನಗೆಪಾಟಲಾದ ಮೇಲೂ ಆಡಿಸಲಿಲ್ಲ. ಹನುಮಂತು ಕೊಡೋ ಮಾತಿಗಿಂತ ಇದು ಗಟ್ಟಿ. ನಿಲ್ಲಲಿ ಕಣ್ರೇ.”

ವಿಮಲಮ್ಮ ಎಳನೀರಿನ ಗಾಡಿಯ ಕಡೆ ತಿರುಗಿ, “ಬಾರೇ ಈಚೆಗೆ, ಮೋರಿ ಮೇಡಂ!” ಎಂದು ಕೂಗಿದಳು. ದಾನಮ್ಮ ಬಂದಳು. ಬಂದವಳು ಮಗಳನ್ನು ನನ್ನ ಕೈಗೆ ಕೊಟ್ಟು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಹೆಂಗಸರು ಬೆನ್ನು ಸವರಿದರು. ಅಲ್ಲೇ ಕೆಲಸ ಮಾಡುವ ನರಸಮ್ಮನ ತಂಗಿ ಸೀರೆಯ ಚೀಟಿ ಕಿತ್ತು ಬಿಸಾಡಿದಳು.

ಸೋಮವಾರ ವಾಪಸ್ ತೆಗೆದುಕೊಳ್ಳುವ ಹೊತ್ತು ಮುಗಿಯುವವರೆಗೆ ನಾನು ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಮನಸ್ಸು ಅವರೆಯ ಮೇಲೆ ಇರಲಿಲ್ಲ. ಕಾಳು ಸಿಪ್ಪೆಯ ಕಡೆಗೂ ಸಿಪ್ಪೆ ಕಾಳಿನ ಕಡೆಗೂ ಹೋಗಿತ್ತು. ಬೆಳಿಗ್ಗೆ ಶಿಶುವಿಹಾರದ ಹತ್ತಿರ ಬಹಳ ಜನ ಸೇರಿದ್ದರಂತೆ. ಸಂಪತ್ತೂ ಬಂದು ಉಯ್ಯಾಲೆಯ ಹತ್ತಿರ ಸ್ವಲ್ಪ ಹೊತ್ತು ನಿಂತು ಹೋದನಂತೆ. ಮಧ್ಯಾಹ್ನ ಸಿಂಚನಾ ಫೋನ್ ಮಾಡಿ, “ಅಜ್ಜಿ, ಟೈಮ್ ಆಯ್ತು. ದಾನಮ್ಮಕ್ಕ ಕಣದಲ್ಲಿದ್ದಾರೆ” ಎಂದಳು. ಆ ಮಧ್ಯಾಹ್ನ ಎರಡು ಲೋಟ ಕಾಫಿ ಕುಡಿದೆ.

ಸಾಯಂಕಾಲ ಕೆಲಸ ಮುಗಿಸಿ ದಾನಮ್ಮ ಬಂದಳು. ಜಗುಲಿಯಲ್ಲಿ ಕೂತು, ನಾನು ಕೆಡಿಸಿಟ್ಟ ಅವರೆಕಾಳನ್ನು ತಾನೇ ಆರಿಸತೊಡಗಿದಳು.

“ಆಯಿ, ನಾಳಿಂದ ಮನಿಮನಿಗೆ ಓಟು ಕೇಳಾಕ ಹೋಗಬೇಕಂತ. ನಿಮ್ಮ ಗುರುತಿನವರ ಮನಿಗೆ ನೀವ ಕರಕೊಂಡು ಹೋಗ್ರಿ.”

“ಹೋಗೋಣಂತೆ. ಯಾರ ಮನೆಯಿಂದ ಶುರು ಮಾಡೋಣ?”

“ಹನುಮಂತಯ್ಯನವರ ಮನಿಯಿಂದ.”

“ಏ ಹುಚ್ಚಿ, ಅದು ಸಂಪತ್ ಮನೆ ಕಣೇ!”

“ಗೊತ್ತೈತ್ರಿ. ಹಿರ್ಯಾರು ಅದಾರ. ಅವರನ್ನ ಬಿಟ್ಟು ಮುಂದ ಹೋದ್ರ ಚಲೋ ಕಾಣ್ಸೂದಿಲ್ಲ. ಅವರ ಮನ್ಯಾಗ ಎಷ್ಟು ಓಟು ಅದಾವ್ರಿ?”

“ಆರು.”

“ಆರೂ ಬ್ಯಾಡ್ರಿ. ಒಂದು ಕೇಳಿ ಬರೂಣು. ಬರ್ತೀರಿಲ್ಲ?”